ಒಗ್ಗರಣೆ ವಾಸನೆ ಬಾರದ ಮನೆ

ಮನೆಯಲ್ಲಿ ಮಗುವಿಗೆ ಜ್ವರ ಬಂದು ಮೈಮೇಲೆ ಗುಳ್ಳೆ ಎದ್ದರೆ ನಾವು ಮೊದಲು ಮಾಡುವ ಕೆಲಸ ಬಾಗಿಲು ಮುಚ್ಚುವುದು. ಎರಡನೆಯ ಕೆಲಸ, ಕೇಳಿದವರಿಗೆ ಏನೂ ಇಲ್ಲ ಎನ್ನುವುದು. ಸಿಮರ್‌ಟೋಲದ ತೇತರಿ ಕಾಕಿ ಮಾಡಿದ್ದೂ ಅದನ್ನೇ. ಅವಳು ಕೆಟ್ಟವಳಲ್ಲ. ಆ ಬೆಸ್ತರ ಕೇರಿಯಲ್ಲಿ ಅವಳಷ್ಟು ಮಕ್ಕಳನ್ನು ಎತ್ತಿ ಆಡಿಸಿದವರು ಇನ್ನೊಬ್ಬರಿರಲಿಲ್ಲ.

ಇದು ಸಿಡುಬು ಇನ್ನೂ ಇದ್ದ ಕಾಲದ ಮಾತು. ಬಿಹಾರದಲ್ಲಿ, ಕಮಲಾ ನದಿಯ ದಡದ ಹಳ್ಳಿಗಳಲ್ಲಿ, ಮನೆಮನೆಗೆ ಹೋಗಿ ಸಿಡುಬು ಹುಡುಕುವುದು ನನ್ನ ಕೆಲಸವಾಗಿತ್ತು. ಹುಡುಕಬೇಕು, ಸಿಕ್ಕ ಮನೆಯ ಸುತ್ತ ಇರುವವರಿಗೆಲ್ಲ ದೇವಿ ಹಾಕಬೇಕು, ಅಂದರೆ ಸಿಡುಬಿನ ಲಸಿಕೆ ಚುಚ್ಚಬೇಕು, ರೋಗ ಆ ಮನೆಯಿಂದ ಹೊರಗೆ ಹೋಗದ ಹಾಗೆ ಕಾಯಬೇಕು. ಇಷ್ಟೇ. ನನ್ನ ಜೊತೆಗೆ ಇದ್ರೀಸ್ ಭಾಯಿ ಇದ್ದರು. ಇಪ್ಪತ್ತೆರಡು ವರ್ಷದಿಂದ ದೇವಿ ಹಾಕುತ್ತಿದ್ದವರು. ನನಗೆ ವಿಶ್ವವಿದ್ಯಾಲಯದ ಪದವಿ ಇತ್ತು. ಅವರಿಗೆ ಮೂಗು ಇತ್ತು.

ಸಿಮರ್‌ಟೋಲಕ್ಕೆ ನಾವು ಹೋದದ್ದು ಜೂರ್‌ಶೀತಲ ಹಬ್ಬದ ಹಿಂದಿನ ದಿನ. ಹಬ್ಬದ ದಿನ ಒಲೆ ಹಚ್ಚುವಂತಿಲ್ಲ, ಒಲೆಗೂ ಒಂದು ದಿನ ವಿಶ್ರಾಂತಿ. ಹಾಗಾಗಿ ಹಿಂದಿನ ದಿನವೇ ಅನ್ನ ಬಸಿದು, ಕಡಲೆಹಿಟ್ಟಿನ ಬಡಿಗಳನ್ನು ಸಾಸಿವೆ ಎಣ್ಣೆಯಲ್ಲಿ ಕರಿದು, ಮಜ್ಜಿಗೆಹುಳಿಯಲ್ಲಿ ಮುಳುಗಿಸಿ ಇಡುತ್ತಾರೆ. ಮರುದಿನ ಎಲ್ಲರಿಗೂ ಅದೇ ತಂಗಳು. ಬೆಳಗಾಗುತ್ತಲೇ ಹಿರಿಯರು ತಂಬಿಗೆಯಲ್ಲಿ ತಣ್ಣೀರು ಹಿಡಿದು ಕಿರಿಯರ ನೆತ್ತಿಗೆ ಒಂದು ಬೊಗಸೆ ಹಾಕಿ, ಅಂಗೈಯಿಂದ ತಟ್ಟಿ, 'ತಣ್ಣಗಿರು' ಎಂದು ಹರಸುತ್ತಾರೆ. ಗಿಡಮರಗಳ ಬುಡಕ್ಕೂ ನೀರು ಹಾಕುತ್ತಾರೆ.

ನಾವು ಕೇರಿಗೆ ಕಾಲಿಟ್ಟಾಗ ಹೊತ್ತು ಇಳಿಯುತ್ತಿತ್ತು. ಮನೆಮನೆಯಲ್ಲೂ ಬಾಣಲೆ ಒಲೆಯ ಮೇಲಿತ್ತು. ಎಣ್ಣೆಯ ಘಾಟಿಗೆ ಕಣ್ಣಲ್ಲಿ ನೀರು ಬರುತ್ತಿತ್ತು. ನಾನು ಚೀಲದಿಂದ ಸಿಡುಬಿನ ಮಗುವಿನ ಚಿತ್ರವಿದ್ದ ರಟ್ಟು ತೆಗೆದು ಪ್ರತಿ ಬಾಗಿಲಲ್ಲೂ ತೋರಿಸಿದೆ. ಇಂಥ ಮಗು ಎಲ್ಲಾದರೂ ಇದೆಯಾ ಎಂದು ಕೇಳಿದೆ. ಎಲ್ಲರೂ ಚಿತ್ರ ನೋಡಿದರು. ಎಲ್ಲರೂ ಇಲ್ಲ ಎಂದರು.

ಇದ್ರೀಸ್ ಭಾಯಿ ಕೇರಿಯ ಕೊನೆಯ ಮನೆಯ ಹತ್ತಿರ ನಿಂತುಬಿಟ್ಟರು.

"ದೀದಿ, ಇಲ್ಲಿ ನಿಂತು ಒಂದು ಸಲ ಉಸಿರು ಎಳ್ಕೊಳ್ಳಿ."

ಎಳೆದುಕೊಂಡೆ. "ಏನೂ ಇಲ್ಲವಲ್ಲ."

"ಅದೇ ಹೇಳ್ತಿರೋದು. ಏನೂ ಇಲ್ಲ."

ಸಿಡುಬು ಎಂದರೆ ಜನಕ್ಕೆ ಅಮ್ಮ, ಶೀತಲಾ ಮಾಯಿ. ಮೊದಲೆಲ್ಲ ಅಮ್ಮ ಬಂದ ಮನೆಯ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟುತ್ತಿದ್ದರು. ಅದನ್ನು ನೋಡಿ ನಾವು ಒಳಗೆ ಹೋಗುತ್ತಿದ್ದೆವು. ಜನಕ್ಕೆ ಅದು ಗೊತ್ತಾಗಿ ಸೊಪ್ಪು ಕಟ್ಟುವುದನ್ನು ಬಿಟ್ಟರು. ಆದರೆ ಅಮ್ಮ ಬಂದ ಮನೆಯಲ್ಲಿ ಒಗ್ಗರಣೆ ಹಾಕುವಂತಿಲ್ಲ, ಎಣ್ಣೆ ಕಾಯಿಸುವಂತಿಲ್ಲ. ಆ ನೇಮ ಮುರಿಯುವ ಧೈರ್ಯ ಯಾರಿಗೂ ಇರಲಿಲ್ಲ.

ಅದು ತೇತರಿ ಕಾಕಿಯ ಮನೆ. ಅವಳು ಹೊಸ್ತಿಲ ಮೇಲೆ ಕಾಲು ಚಾಚಿ ಕೂತು ಬಲೆಯ ಹರಿದ ಕಣ್ಣು ಹೆಣೆಯುತ್ತಿದ್ದಳು. ಅರವತ್ತರ ಹತ್ತಿರದ ವಯಸ್ಸು. ಮುಖದ ತುಂಬ ಹಳೆಯ ಸಿಡುಬಿನ ಕುಳಿ. ಹಿಂದೆ ಅವಳ ಸೊಸೆ ಸುಗಿಯಾ ಮುಸುಕು ಎಳೆದುಕೊಂಡು ನಿಂತಿದ್ದಳು, ಸೊಂಟದ ಮೇಲೆ ಐದು ತಿಂಗಳ ಕೂಸು.

"ಕಾಕಿ, ಮನೇಲೆಲ್ಲ ಚೆನ್ನಾಗಿದ್ದೀರಾ?" ಎಂದೆ.

"ಚೆನ್ನಾಗಿಲ್ದೆ ಏನು. ಹಬ್ಬದ ಹಿಂದಿನ ದಿನ ನಿನ್ನ ಬೋಳು ಹಣೆ ಬಾಗಿಲಿಗೆ ಬಂತು. ಅದೊಂದು ಬಿಟ್ರೆ ಎಲ್ಲ ಚೆನ್ನಾಗಿದೆ."

ಗಂಡ ಸತ್ತ ಮೇಲೆ ಈ ಮಾತನ್ನು ನಾನು ಹದಿನಾಲ್ಕು ಹಳ್ಳಿಗಳಲ್ಲಿ ಕೇಳಿದ್ದೆ. ಅದರಿಂದ ಒಂದು ಉಪಕಾರವೂ ಇತ್ತು. ಯಾರೂ ಕೂರಿಸಿ ಉಪಚಾರ ಮಾಡುತ್ತಿರಲಿಲ್ಲ. ಕೆಲಸ ಬೇಗ ಮುಗಿಯುತ್ತಿತ್ತು.

"ಮಕ್ಕಳೆಲ್ಲ ಎಲ್ಲಿ?"

"ಸೊಸೆ ಸೊಂಟದ ಮೇಲಿದೆಯಲ್ಲ. ಕಣ್ಣು ಕಾಣಲ್ವಾ?"

"ಬುಚಿಯಾ ಅಂತ ಇನ್ನೊಂದು ಇರಬೇಕಲ್ಲ, ಆರು ವರ್ಷದ್ದು. ನಮ್ಮ ಪಟ್ಟೀಲಿದೆ."

"ತಾಯಿ ತೌರಿಗೆ ಹೋಗಿದೆ."

"ತಾಯಿ ಇಲ್ಲೇ ನಿಂತಿದ್ದಾಳೆ."

"ಯಾಕೆ, ತಾಯಿನ ಬಿಟ್ಟು ಮಗು ಅಜ್ಜಿ ಮನೆಗೆ ಹೋಗಬಾರದು ಅಂತ ಸರ್ಕಾರ ಕಾಯ್ದೆ ಮಾಡಿದ್ಯಾ?"

ಇದ್ರೀಸ್ ಭಾಯಿ ನಕ್ಕರು. "ಸರಿ ಕಾಕಿ, ಹೋಗ್ತೀವಿ. ಒಂದು ಬಡಿ ಕೊಡಿ, ಬಾಯಿಗೆ ಹಾಕ್ಕೊಂಡು ಹೋಗ್ತೀನಿ. ಬೆಳಿಗ್ಗೆಯಿಂದ ಏನೂ ತಿಂದಿಲ್ಲ."

ಕಾಕಿಯ ಕೈ ಬಲೆಯ ಮೇಲೆ ನಿಂತಿತು. "ಇನ್ನೂ ಕರಿದಿಲ್ಲ."

"ಹೊತ್ತು ಮುಳುಗ್ತಾ ಬಂತು. ಪಕ್ಕದ ಮನೆಯವರು ಬಾಣಲೆ ತೊಳೆದು ಬೋರಲು ಹಾಕಿಯೂ ಆಯ್ತು."

"ಎಣ್ಣೆ ಇಲ್ಲ."

"ನಾನು ಕೇಳಿ ತರ್ತೀನಿ ಬಿಡಿ, ಒಂದು ಬಟ್ಟಲು."

"ಬೇಡ ಅಂದ್ನಲ್ಲ. ನಿಮ್ಮಪ್ಪನ ಮನೆ ಅಡುಗೆ ಮಾಡ್ತಿದ್ದೀನಾ, ನಿನಗೆ ಲೆಕ್ಕ ಒಪ್ಪಿಸೋಕೆ."

ಇದ್ರೀಸ್ ಭಾಯಿ ಕುಕ್ಕರುಗಾಲಲ್ಲಿ ಕೂತರು. ಧ್ವನಿ ಇಳಿಸಿ ಕೇಳಿದರು. "ಒಗ್ಗರಣೆ ಹಾಕಿ ಎಷ್ಟು ದಿನ ಆಯ್ತು ಕಾಕಿ?"

ಮುಸುಕಿನ ಒಳಗಿನಿಂದ ಸುಗಿಯಾ ಹೇಳಿದಳು. "ಮೂರು ದಿನ."

ಅತ್ತೆ ತಿರುಗಿ ಸೊಸೆಯನ್ನು ನೋಡಿದಳು. ಸೊಸೆ ತಲೆ ತಗ್ಗಿಸಲಿಲ್ಲ. ಕೂಸನ್ನು ಈ ಸೊಂಟದಿಂದ ಆ ಸೊಂಟಕ್ಕೆ ಬದಲಾಯಿಸಿದಳು.

"ಚಪ್ಪಲಿ ಹೊರಗೆ ಬಿಟ್ಟು ಬಾ," ಎಂದಳು ಕಾಕಿ ನನಗೆ. "ಅವನು ಬರೋದು ಬೇಡ."

ಒಳಗೆ ಕತ್ತಲು. ನೆಲ ಸಾರಿಸಿತ್ತು. ಬೇವಿನ ಟೊಂಗೆಗಳು ಬಾಗಿಲಲ್ಲಿ ಇರಲಿಲ್ಲ, ಮಗುವಿನ ಚಾಪೆಯ ಸುತ್ತ ಇದ್ದವು. ಬುಚಿಯಾ ಕಣ್ಣು ಅರ್ಧ ತೆರೆದು ಮಲಗಿದ್ದಳು. ಕಾಕಿ ಪಕ್ಕದಲ್ಲಿ ಕೂತು ಸೊಪ್ಪಿನಿಂದ ಅವಳ ತೋಳನ್ನು ಮೆಲ್ಲಗೆ ನೇವರಿಸಿದಳು. ಬೆರಳಿಂದ ಗಲ್ಲ ಒರೆಸಿದಳು. ಅದೇ ಬೆರಳನ್ನು ಸೀರೆಯ ಸೆರಗಿಗೆ ಒರೆಸಿಕೊಂಡಳು.

"ಸೀತಾಳೆ ಸಿಡುಬು ಇರಬೇಕು," ಎಂದಳು. "ಎಲ್ಲ ಮಕ್ಕಳಿಗೂ ಬಂದು ಹೋಗೋದೇ."

ನಾನು ಬುಚಿಯಾಳ ಅಂಗೈ ಬಿಡಿಸಿ ನೋಡಿದೆ. ಆಮೇಲೆ ಅಂಗಾಲು. ಸೀತಾಳೆ ಸಿಡುಬು ಹೊಟ್ಟೆ ಬೆನ್ನಿನ ಮೇಲೆ ಹೆಚ್ಚು. ಅಂಗೈ ಅಂಗಾಲಿಗೆ ಬರುವುದು ಅಪರೂಪ. ಅದರಲ್ಲಿ ಒಂದು ಗುಳ್ಳೆ ಏಳುತ್ತಿರುವಾಗ ಇನ್ನೊಂದು ಒಣಗುತ್ತಿರುತ್ತದೆ. ಇಲ್ಲಿ ಹಾಗಿರಲಿಲ್ಲ. ಮುಖದಲ್ಲಿ, ಕೈಕಾಲಿನಲ್ಲಿ ದಟ್ಟವಾಗಿತ್ತು. ಎಲ್ಲವೂ ಒಂದೇ ಅಳತೆ. ಮುಟ್ಟಿದರೆ ಚರ್ಮದ ಕೆಳಗೆ ಕಾಳು ಇಟ್ಟ ಹಾಗೆ ಗಟ್ಟಿ.

"ಜ್ವರ ಯಾವಾಗ ಬಂತು?"

"ಆರು ದಿನ ಆಯ್ತು. ಗುಳ್ಳೆ ಎದ್ದು ಮೂರು ದಿನ."

"ಅದಕ್ಕೆ ಮುಂಚೆ ಎಲ್ಲಿಗಾದ್ರೂ ಹೋಗಿದ್ಳಾ?"

"ಹದಿನೈದು ಇಪ್ಪತ್ತು ದಿನದ ಹಿಂದೆ ನಮ್ಮ ತೌರಲ್ಲಿ ತಿಥಿ ಊಟ ಇತ್ತು. ನಾನೇ ಕರ್ಕೊಂಡು ಹೋಗಿದ್ದೆ." ಸೊಪ್ಪನ್ನು ಕೆಳಗಿಟ್ಟು ಮತ್ತೆ ಹೇಳಿದಳು. "ನಾನೇ ಕರ್ಕೊಂಡು ಹೋಗಿದ್ದೆ."

ಅಷ್ಟರಲ್ಲಿ ಹೊರಗೆ ಗದ್ದಲವಾಯಿತು. ಕಾಕಿಯ ಮೈದುನ ಭುಟಾಯಿ ಬಂದಿದ್ದ. ಹೆಗಲ ಮೇಲೆ ಒದ್ದೆ ಬಲೆ, ಬಾಯಲ್ಲಿ ಹೊಗೆಸೊಪ್ಪು. ಇದ್ರೀಸ್ ಭಾಯಿಯ ಪೆಟ್ಟಿಗೆ ನೋಡಿದ ಕೂಡಲೇ ಅವನಿಗೆ ವಿಷಯ ತಿಳಿಯಿತು.

"ಏ ಸೂಜಿ ಮಿಯಾ, ಅಮ್ಮ ಬಂದ ಮನೇಲಿ ಕಬ್ಬಿಣ ತೋರಿಸಬಾರದು, ಗೊತ್ತಾ? ಕಣ್ಣು ಕಿತ್ಕೊಂಡು ಹೋಗ್ತಾಳೆ."

"ನಿನ್ನ ಗಾಳದ ಮುಳ್ಳು ಯಾವುದರದ್ದಪ್ಪಾ, ಮಣ್ಣಿನದ್ದಾ?"

"ಅದು ಮೀನಿಗೆ. ಇದು ಮನುಷ್ಯರಿಗೆ. ಹೋದ ಸಲ ಪಕ್ಕದ ಚಕ್ ಹಳ್ಳಿ ಕೇರೀಲಿ ಹಾಕಿಸ್ಕೊಂಡವರೆಲ್ಲ ಮೂರು ದಿನ ಮಲಗಿದ್ರು. ತೋಳು ಎತ್ತೋಕಾಗಲ್ಲ. ಬಲೆ ನೀನು ಎಳೀತೀಯಾ?"

"ಎಳೀತೀನಿ. ಮೀನೂ ನನಗೇ ಕೊಡ್ತೀಯಾ?"

ಕಾಕಿ ಒಳಗಿನಿಂದಲೇ ಗದರಿದಳು. "ಇಬ್ಬರೂ ಬಾಯಿ ಮುಚ್ಚಿ. ಮಗು ಮಲಗಿದೆ."

ನನ್ನ ಕಡೆ ತಿರುಗಿ ಹೇಳಿದಳು. "ನೋಡು, ನಾಳೆ ಒಂದು ದಿನ ಸುಮ್ಮನಿದ್ದುಬಿಡು. ನಾಡಿದ್ದು ಬಾ, ಏನು ಬೇಕಾದ್ರೂ ಬರ್ಕೊ. ನಾಳೆ ನಾನು ಕೇರಿ ಮಕ್ಕಳ ತಲೆಗೆಲ್ಲ ನೀರು ಹಾಕಬೇಕು. ಮೂವತ್ತು ವರ್ಷದಿಂದ ಹಾಕ್ತಿದ್ದೀನಿ. ಈ ಕೇರೀಲಿ ನಾನು ತಂಪು ಮಾಡದ ತಲೆ ಇಲ್ಲ."

"ನಾಳೆ ನೀವು ಹೊರಗೆ ಹೋಗಬಾರದು ಕಾಕಿ."

"ಹೋಗದೆ? ಈ ವರ್ಷವೇ ಹೋಗಬೇಕಾದ್ದು. ಶೀತಲಾ ಮಾಯಿ ನನ್ನ ಮನೇಲೇ ಬಂದು ಕೂತಿದ್ದಾಳೆ. ಈ ಸಲ ನನ್ನ ಕೈನೀರಿಗೆ ಇರೋ ಬಲ ಯಾವ ವರ್ಷವೂ ಇರಲಿಲ್ಲ. ಒಂದು ಮಗೂಗೂ ಬರದ ಹಾಗೆ ತಟ್ಟಿ ಬರ್ತೀನಿ."

ಆಗ ನನಗೆ ಅರ್ಥವಾಯಿತು. ಅವಳು ನಾಚಿಕೆಗೆ ಬಚ್ಚಿಟ್ಟದ್ದಲ್ಲ. ನಾವು ಬಂದರೆ ನಾಳೆ ಅವಳನ್ನು ಹೊರಗೆ ಬಿಡುವುದಿಲ್ಲ ಎಂದು ಬಚ್ಚಿಟ್ಟಿದ್ದಳು. ಕೇರಿಯ ಮೂವತ್ತೊಂದು ಮಕ್ಕಳನ್ನು ಕಾಪಾಡಬೇಕೆಂದು, ಮೂರು ದಿನದಿಂದ ಗುಳ್ಳೆ ಒರೆಸಿದ ಕೈಯನ್ನೇ ಅವರ ನೆತ್ತಿಯ ಮೇಲೆ ಇಡಲು ಹೊರಟಿದ್ದಳು.

ನಾನು ಅಲ್ಲೊಂದು ತಪ್ಪು ಮಾಡಿದೆ. "ಇದು ಅಮ್ಮ ಅಲ್ಲ ಕಾಕಿ, ರೋಗ," ಎಂದೆ.

ಅವಳ ಮುಖ ಬಿಗಿಯಾಯಿತು. "ಹಾಗಾದ್ರೆ ನಿನಗೆ ಇಲ್ಲೇನು ಕೆಲಸ. ಎದ್ದೇಳು."

ತರಬೇತಿಯಲ್ಲಿ ನಮಗೆ ಹೇಳಿಕೊಟ್ಟಿದ್ದರು, ಜನರ ನಂಬಿಕೆಯ ಜೊತೆ ಜಗಳ ಆಡಬೇಡಿ, ಜಗಳಕ್ಕೆ ಸಮಯವಿಲ್ಲ ಎಂದು. ನಾನು ಮರೆತಿದ್ದೆ. ಎದ್ದು ಬಾಗಿಲ ತನಕ ಬಂದೆ. ಅಲ್ಲಿ ನನ್ನ ಚಪ್ಪಲಿ ಕಂಡಿತು. ಮತ್ತೆ ಒಳಗೆ ಹೋಗಿ ಕೂತೆ.

"ಕಾಕಿ, ಚಪ್ಪಲಿ ಬಿಟ್ಟು ಬಾ ಅಂದ್ರಿ, ಬಿಟ್ಟೆ. ಅಮ್ಮ ಬಂದ ಮನೆಗೆ ಇನ್ನೇನೇನು ನೇಮ ಇದೆ? ನನಗೆ ಗೊತ್ತಿಲ್ಲದೆ ತಪ್ಪು ಮಾಡಬಾರದು."

ಅವಳು ಬೆರಳು ಮಡಚಿ ಎಣಿಸಿದಳು. "ಒಗ್ಗರಣೆ ಹಾಕಬಾರದು. ಮೀನು ತರಬಾರದು. ತಲೆ ಬಾಚಬಾರದು. ಹೊರಗಿನವರು ಒಳಗೆ ಬರಬಾರದು. ನೀನು ಬಂದಿದ್ದೀಯ, ಅದಕ್ಕೆ ನಾನೇ ತಪ್ಪುಕಾಣಿಕೆ ಇಡಬೇಕು."

"ಒಳಗಿನವರು ಹೊರಗೆ ಹೋಗಬಹುದಾ?"

"ಹೋಗಬಾರದು. ಇನ್ನೊಬ್ಬರ ಹೊಸ್ತಿಲು ತುಳೀಬಾರದು, ಅಮ್ಮ..."

ಮಾತು ಅಲ್ಲಿಗೆ ನಿಂತಿತು. ಬಾಗಿಲಲ್ಲಿ ನಿಂತಿದ್ದ ಸುಗಿಯಾ ಅತ್ತೆಯ ಕಡೆ ಕತ್ತು ಚಾಚಿದಳು.

"ನಾಳೆ ಎಷ್ಟು ಹೊಸ್ತಿಲು ತುಳೀತೀರಿ?"

"ಹಬ್ಬ ಬೇರೆ," ಎಂದಳು ಕಾಕಿ. ಆದರೆ ಧ್ವನಿಯಲ್ಲಿ ಮೊದಲಿನ ಗಟ್ಟಿತನ ಇರಲಿಲ್ಲ.

"ಆ ನೇಮ ಮಾಡಿದವರು ದಡ್ಡರಲ್ಲ ಕಾಕಿ. ಇದು ಉಸಿರಿನಿಂದ ಹರಡುತ್ತೆ, ಕೈಯಿಂದ ಹರಡುತ್ತೆ, ಬಟ್ಟೆಗೂ ಅಂಟಿಕೊಂಡು ಬರುತ್ತೆ. ಅದಕ್ಕೇ ಒಳಗಿನವರು ಒಳಗೇ ಇರಬೇಕು ಅಂದ್ರು. ನಿಮ್ಮ ಸೆರಗು ನೋಡಿ."

ಅವಳು ಸೆರಗು ನೋಡಿಕೊಂಡಳು.

"ನಂಗೂ ಬಂದಿತ್ತು," ಎಂದಳು. "ನೋಡು ಮುಖ. ಏನಾಯ್ತು ನಂಗೆ? ಅಮ್ಮ ಉಳಿಸಿದ್ಲು. ಆಗ ಯಾವ ಸೂಜಿ ಇತ್ತು?"

"ಎಷ್ಟು ವರ್ಷ ಆಗಿತ್ತು ನಿಮಗೆ?"

"ಎಂಟೋ ಒಂಬತ್ತೋ."

"ಮನೇಲಿ ನಿಮಗೊಬ್ಬರಿಗೇ ಬಂತಾ?"

"ಅಣ್ಣಂಗೆ ಮೊದಲು ಬಂತು. ಆಮೇಲೆ ನಂಗೆ. ಆಮೇಲೆ ತಂಗಿಗೆ."

"ಅವರು?"

ಕಾಕಿ ಬುಚಿಯಾಳ ಹೊದಿಕೆ ಸರಿಮಾಡಿದಳು. ಅದು ಸರಿಯಾಗಿಯೇ ಇತ್ತು.

"ತಂಗಿ ಹೆಸರೂ ಬುಚಿಯಾನೇ," ಎಂದಳು.

ನಾನು ಇನ್ನೇನೂ ಕೇಳಲಿಲ್ಲ. ಸತ್ತವರ ಬಗ್ಗೆ ನನಗೆ ಹೇಳಲು ಬರುವ ಮಾತುಗಳು ಆಗ ಮುಗಿದಿದ್ದವು.

ಮೊದಲು ಅಲ್ಲಾಡಿದ್ದು ಸುಗಿಯಾ. ಅವಳು ಬಂದು ನನ್ನ ಮುಂದೆ ಕೂತಳು. ಕೂಸಿನ ಎಡತೋಳಿನ ಮೇಲಿದ್ದ ಬಟ್ಟೆ ಸರಿಸಿದಳು.

"ಅತ್ತೆ, ನೀವು ಏನಾದ್ರೂ ಅನ್ನಿ. ನಾನು ಇವನಿಗೆ ಹಾಕಿಸ್ತೀನಿ. ಮೂರು ದಿನದಿಂದ ಇಬ್ಬರನ್ನೂ ಒಂದೇ ಕೋಣೇಲಿ ಮಲಗಿಸಿದ್ದೀನಿ. ನನಗೆ ನಿದ್ದೆ ಬಂದಿಲ್ಲ."

ಅತ್ತೆ ಬೈಯುತ್ತಾಳೆ ಎಂದುಕೊಂಡೆ. ಅವಳು ಬೈಯಲಿಲ್ಲ.

"ಈಗ ಹಾಕಿದ್ರೆ ಅವನಿಗೆ ಬರಲ್ವಾ?" ಎಂದು ಕೇಳಿದಳು.

"ಗುಳ್ಳೆ ಎದ್ದು ಮೂರೇ ದಿನ ಆಗಿದೆ. ಈಗ ಹಾಕಿದ್ರೆ ಬಹಳ ಮಟ್ಟಿಗೆ ತಡೆಯುತ್ತೆ. ಬಂದ್ರೂ ಹಗುರವಾಗಿ ಬಂದು ಹೋಗುತ್ತೆ. ನಾಡಿದ್ದು ಅಂದ್ರೆ ನಾನು ಹೀಗೆ ಹೇಳೋಕಾಗಲ್ಲ."

"ಬುಚಿಯಾ?"

"ಅವಳಿಗೆ ಇನ್ನು ಸೂಜಿ ಕೆಲಸ ಮಾಡಲ್ಲ. ನೀರು ಕುಡಿಸಿ, ಗಂಜಿ ಕುಡಿಸಿ, ಕಣ್ಣು ಶುದ್ಧವಾಗಿಡಿ, ಗುಳ್ಳೆ ಕೆರೆಯದ ಹಾಗೆ ನೋಡ್ಕೊಳ್ಳಿ. ಡಾಕ್ಟರನ್ನ ನಾಳೆ ಕರೆಸ್ತೀನಿ. ಬೇವು ತೆಗೀಬೇಡಿ, ಒಗ್ಗರಣೆಯೂ ಬೇಡ. ನಿಮ್ಮ ನೇಮ ಒಂದೂ ಬಿಡಬೇಡಿ. ಹೊರಗೆ ಮಾತ್ರ ಹೋಗಬೇಡಿ."

ಕಾಕಿ ಬಾಗಿಲ ಕಡೆ ಕೂಗಿದಳು. "ಏ ಮಿಯಾ, ಪೆಟ್ಟಿಗೆ ತಗೊಂಡು ಬಾ. ಕಾಲು ತೊಳ್ಕೊಂಡು ಬಾ."

ಸೂಜಿಯ ತುದಿ ಎರಡು ಕವಲು. ಅದನ್ನು ಮದ್ದಿನಲ್ಲಿ ಅದ್ದಿದರೆ ಕವಲಿನ ನಡುವೆ ಒಂದು ಹನಿ ನಿಲ್ಲುತ್ತದೆ. ತೋಳಿನ ಮೇಲೆ ಒಂದೇ ಜಾಗದಲ್ಲಿ ಹದಿನೈದು ಸಲ ಬೇಗಬೇಗ ಚುಚ್ಚಬೇಕು. ಆಳಕ್ಕಲ್ಲ, ರಕ್ತ ಮೂಡಿದರೆ ಸಾಕು. ಕೂಸು ಹತ್ತನೆಯ ಚುಚ್ಚಿಗೆ ಅಳಲು ಶುರುಮಾಡಿ, ಸೂಜಿ ತೆಗೆದ ಕೂಡಲೇ ನಿಲ್ಲಿಸಿತು. ಸುಗಿಯಾ ಆಮೇಲೆ ತನ್ನ ತೋಳನ್ನೂ ಚಾಚಿದಳು.

"ಮೂರು ನಾಲ್ಕು ದಿನಕ್ಕೆ ಇಲ್ಲಿ ಒಂದು ಗುಳ್ಳೆ ಏಳುತ್ತೆ, ಆಮೇಲೆ ಹಕ್ಕಳೆ ಕಟ್ಟುತ್ತೆ," ಎಂದು ಇದ್ರೀಸ್ ಭಾಯಿ ಹೇಳಿದರು. "ಸ್ವಲ್ಪ ಜ್ವರ ಬರಬಹುದು. ಹೆದರಬೇಡಿ. ಬೂದಿ ಸಗಣಿ ಏನೂ ಹಚ್ಚಬೇಡಿ. ಹಕ್ಕಳೆ ತಾನಾಗಿ ಬೀಳಲಿ. ಕಲೆ ಉಳಿಯುತ್ತೆ. ಅದೇ ಗುರುತು."

ಹೊರಡುವಾಗ ಕಾಕಿ ನನ್ನನ್ನು ಕರೆದಳು. "ಮಕ್ಕಳು ಬೆಳಿಗ್ಗೆ ಕಾಯ್ತಾ ಇರ್ತಾವೆ. ಕಾಕಿ ಬರಲಿಲ್ಲ ಅಂದ್ರೆ ಏನಂತ ಹೇಳ್ತೀಯ?"

"ನೀವೇ ಹೇಳಿ. ನಾನು ಹೇಳಿದ್ರೆ ಯಾರು ಕೇಳ್ತಾರೆ."

ಮರುದಿನ ಬೆಳಕು ಹರಿಯುವಾಗ ನಾವು ಕೇರಿಯ ನಡುವಿನ ಮಾವಿನ ಮರದ ಕೆಳಗೆ ಪೆಟ್ಟಿಗೆ ಇಟ್ಟು ಕೂತೆವು. ಮಕ್ಕಳು ಒಬ್ಬೊಬ್ಬರಾಗಿ ಎದ್ದು ಬಂದು ತಮ್ಮತಮ್ಮ ಬಾಗಿಲಲ್ಲಿ ನಿಂತಿದ್ದರು, ಕಾಕಿಯ ತಂಬಿಗೆಗೆ ಕಾಯುತ್ತ. ಕಾಕಿ ಹೊರಗೆ ಬರಲಿಲ್ಲ. ಅವಳ ಬಾಗಿಲ ಪಕ್ಕ ಒಂದು ಬೇವಿನ ಮರ ಇತ್ತು. ಹೊಸ್ತಿಲ ಒಳಗೇ ನಿಂತು ಕೈ ಚಾಚಿದರೆ ಅದರ ಬುಡ ಎಟುಕುತ್ತಿತ್ತು. ಅವಳು ತಂಬಿಗೆ ಹಿಡಿದು ಅಲ್ಲಿ ನಿಂತಳು.

"ಎಲ್ಲರೂ ಕೇಳಿ," ಎಂದಳು. ಮೂವತ್ತು ವರ್ಷ ದೋಣಿಯಿಂದ ದಡಕ್ಕೆ ಕೂಗಿದ ಗಂಟಲು, ಕೇರಿಯ ಆ ತುದಿಗೂ ಕೇಳಿಸಿತು. "ನಮ್ಮನೇಲಿ ಅಮ್ಮ ಬಂದಿದ್ದಾಳೆ. ಮೂರು ದಿನ ನಿಮಗೆ ಸುಳ್ಳು ಹೇಳಿದೆ. ಈ ಸಲ ನಾನು ಯಾರ ತಲೇನೂ ಮುಟ್ಟಲ್ಲ, ಯಾರೂ ನಮ್ಮ ಅಂಗಳಕ್ಕೆ ಬರಬೇಡಿ. ಮಾವಿನ ಮರದ ಹತ್ರ ಹೋಗಿ ತೋಳು ಕೊಡಿ. ತೋಳು ಕೊಟ್ಟವರ ಹೆಸರು ಹಿಡಿದು ನಾನು ಈ ಮರಕ್ಕೆ ನೀರು ಹಾಕ್ತೀನಿ. ಕೊಡದವರಿಗೆ ನನ್ನ ನೀರಿಲ್ಲ."

ಮೊದಲು ಒಬ್ಬ ತಾಯಿ ಮಗಳ ಕೈ ಹಿಡಿದು ಬಂದಳು.

"ಕಾಕಿ, ಝುನ್ನಿ," ಎಂದು ಇದ್ರೀಸ್ ಭಾಯಿ ಕೂಗಿದರು.

"ಝುನ್ನಿ, ತಣ್ಣಗಿರು," ಎಂದು ಅಲ್ಲಿಂದ ಉತ್ತರ ಬಂತು. ಒಂದು ಬೊಗಸೆ ನೀರು ಬೇವಿನ ಬುಡಕ್ಕೆ ಬಿತ್ತು.

ಆಮೇಲೆ ಸಾಲು ನಿಂತಿತು. ಮೂವತ್ತೊಂದು ಮಕ್ಕಳು. ಮೂವತ್ತೊಂದು ಬೊಗಸೆ. ಮಕ್ಕಳು ಮುಗಿದ ಮೇಲೆ ದೊಡ್ಡವರು ತೋಳು ಚಾಚಿದರು. ಕಾಕಿ ಅವರ ಹೆಸರನ್ನೂ ಬಿಡಲಿಲ್ಲ. ಒಬ್ಬೊಬ್ಬರಿಗೆ ಹೆಸರಿನ ಜೊತೆ ಒಂದು ಬೈಗುಳವನ್ನೂ ಸೇರಿಸಿದಳು.

ಭುಟಾಯಿ ಕಾಣಲಿಲ್ಲ. ಕೊಳದ ನಡುವೆ ದೋಣಿಯಲ್ಲಿ ಕೂತಿದ್ದ.

"ಬಾರೋ," ಎಂದು ದಡದಲ್ಲಿ ನಿಂತು ಇದ್ರೀಸ್ ಭಾಯಿ ಕರೆದರು.

"ಹಬ್ಬದ ದಿನ ಕೊಳ ತೊಳೀಬೇಕು, ಕೆಲಸ ಇದೆ."

"ದೋಣೀಲಿ ಕೂತು ಕೊಳ ತೊಳೀತಾರಾ?"

ಇದ್ರೀಸ್ ಭಾಯಿ ಪಂಚೆ ಎತ್ತಿ ಕಟ್ಟಿ, ಪೆಟ್ಟಿಗೆಯನ್ನು ತಲೆಯ ಮೇಲಿಟ್ಟುಕೊಂಡು ನೀರಿಗಿಳಿದರು. ಎದೆಮಟ್ಟ ನೀರಿನಲ್ಲಿ ದೋಣಿಯ ಅಂಚು ಹಿಡಿದು ನಿಂತರು. ಕೇರಿಯ ಮಕ್ಕಳೆಲ್ಲ ದಡದಲ್ಲಿ ಸೇರಿ ನಗುತ್ತಿದ್ದರು. ಭುಟಾಯಿಗೆ ತೋಳು ಚಾಚದೆ ಬೇರೆ ದಾರಿ ಇರಲಿಲ್ಲ. ಹದಿನೈದು ಚುಚ್ಚನ್ನೂ ಮಕ್ಕಳು ಗಟ್ಟಿಯಾಗಿ ಎಣಿಸಿದರು.

ಕಾಕಿಯ ಬಾಗಿಲಿಗೆ ಕಾವಲು ಬೇಕಾಗಿತ್ತು. ಬುಚಿಯಾಳ ಕೊನೆಯ ಹಕ್ಕಳೆ ಬೀಳುವ ತನಕ ಹಗಲೂ ಇರುಳೂ ಯಾರಾದರೊಬ್ಬರು ಕೂತಿರಬೇಕು. ದೇವಿ ಹಾಕಿಸಿಕೊಳ್ಳದ ಯಾರನ್ನೂ ಹತ್ತಿರ ಬಿಡಬಾರದು. ಹಗಲಿನ ಪಾಳಿಗೆ ನಾನು ಭುಟಾಯಿಯನ್ನು ನೇಮಿಸಿದೆ. ಇದ್ರೀಸ್ ಭಾಯಿ ನನ್ನನ್ನು ವಿಚಿತ್ರವಾಗಿ ನೋಡಿದರು. ಆದರೆ ಅಷ್ಟು ಅನುಮಾನದ ಮನುಷ್ಯ ಕಾವಲಿಗೆ ಒಳ್ಳೆಯವನು ಎಂದು ನನಗೆ ಅನ್ನಿಸಿತ್ತು.

ಎಂಟನೆಯ ದಿನ ನಾನು ಹೋದಾಗ ಅವನು ಬಾಗಿಲಿಗೆ ಅಡ್ಡ ಕೋಲು ಹಿಡಿದ.

"ತೋಳು ತೋರ್ಸಿ ದೀದಿ."

"ನಾನೇ ನಿನ್ನನ್ನ ಇಲ್ಲಿ ಕೂರಿಸಿದವಳು."

"ಅದೆಲ್ಲ ಗೊತ್ತಿಲ್ಲ. ನಿನ್ನೆ ಜಮೀನ್ದಾರರ ಗುಮಾಸ್ತ ಬಂದಿದ್ದ, ಅವನನ್ನೂ ಬಿಡಲಿಲ್ಲ. ಮೊದಲು ಕಲೆ, ಆಮೇಲೆ ಮಾತು."

ನಾನು ಕಲೆ ತೋರಿಸಿದೆ. ಅವನು ಬಗ್ಗಿ ನೋಡಿ ಕೋಲು ತೆಗೆದ. ತನ್ನ ತೋಳಿನ ಹಕ್ಕಳೆಯನ್ನೂ ನನಗೆ ತೋರಿಸಿದ. "ಮೂರು ದಿನ ನೋವಿತ್ತು," ಎಂದ. "ಆದ್ರೂ ಬಲೆ ಎಳೆದೆ."

ಕಾಕಿಯ ತೌರಿಗೆ ಇನ್ನೊಂದು ತಂಡ ಹೋಗಿತ್ತು. ಅಲ್ಲಿ ಎರಡು ಮನೆಗಳಲ್ಲಿ ರೋಗ ಸಿಕ್ಕಿತು. ಅಲ್ಲೂ ಕಾವಲು ಕೂತಿತು. ಸಿಮರ್‌ಟೋಲದಲ್ಲಿ ಕೂಸಿಗೆ ಬರಲಿಲ್ಲ. ಸುಗಿಯಾಳಿಗೆ ಬರಲಿಲ್ಲ. ಮೂವತ್ತೊಂದು ಮಕ್ಕಳಲ್ಲಿ ಒಬ್ಬರಿಗೂ ಬರಲಿಲ್ಲ. ಬುಚಿಯಾ ಬದುಕಿದಳು. ಮುಖದಲ್ಲಿ ಕುಳಿ ಉಳಿಯಿತು, ಕಣ್ಣು ಉಳಿದವು. ಇಪ್ಪತ್ತೊಂಬತ್ತನೆಯ ದಿನ, ಕೊನೆಯ ಹಕ್ಕಳೆ ಬಿದ್ದ ಮೇಲೆ, ಕಾಕಿ ಒಲೆಯ ಮೇಲೆ ಬಾಣಲೆ ಇಟ್ಟಳು. ನಾನು ಆಗ ಕೇರಿಯ ಬಾಯಲ್ಲಿದ್ದೆ. ಎಣ್ಣೆ ಕಾದ ವಾಸನೆ ಅಲ್ಲಿಯ ತನಕ ಬಂತು. ಇದ್ರೀಸ್ ಭಾಯಿ ಪಟ್ಟಿಯಲ್ಲಿ ಆ ಮನೆಯ ಹೆಸರಿನ ಮುಂದೆ ಗುರುತು ಹಾಕಿದರು.

ಮರುವರ್ಷ ಜೂರ್‌ಶೀತಲದ ಹಿಂದಿನ ದಿನವೂ ನಾವು ಹುಡುಕಲು ಆ ಕಡೆ ಹೋಗಿದ್ದೆವು. ಯಾವ ಮನೆಯಲ್ಲೂ ಏನೂ ಸಿಗಲಿಲ್ಲ. ಎಲ್ಲ ಮನೆಗಳಿಂದಲೂ ಎಣ್ಣೆಯ ಘಾಟು ಬರುತ್ತಿತ್ತು. ಕತ್ತ‌ಲಾದ್ದರಿಂದ ಅಲ್ಲೇ ಶಾಲೆಯ ಜಗುಲಿಯಲ್ಲಿ ಉಳಿದೆವು.

ಬೆಳಿಗ್ಗೆ ಮಕ್ಕಳ ಕೂಗಿಗೆ ಎಚ್ಚರವಾಯಿತು. ಕಾಕಿ ತಂಬಿಗೆ ಹಿಡಿದು ಮನೆಯಿಂದ ಮನೆಗೆ ಹೋಗುತ್ತಿದ್ದಳು. ಬುಚಿಯಾ ಅವಳ ಸೆರಗು ಹಿಡಿದಿದ್ದಳು. ನಾನು ಎದ್ದು ಪಕ್ಕಕ್ಕೆ ಸರಿದೆ. ಶುಭದ ದಿನ ಎದುರಿಗೆ ನಿಲ್ಲಬಾರದು ಎನ್ನುವುದು ನನಗೆ ಆಗಲೇ ಅಭ್ಯಾಸವಾಗಿತ್ತು.

"ಎಲ್ಲಿಗೆ ಹೊರಟೆ," ಎಂದಳು ಕಾಕಿ.

"ಬಟ್ಟೆ ಒಣಗಿದೆಯಾ ನೋಡೋಕೆ."

"ತಲೆ ಬಗ್ಗಿಸು."

ಬಗ್ಗಿಸಿದೆ. ಎರಡು ವರ್ಷದಿಂದ ನನ್ನ ತಲೆಗೆ ಯಾರೂ ನೀರು ಹಾಕಿರಲಿಲ್ಲ. ನೀರು ತಣ್ಣಗಿತ್ತು. ಕತ್ತಿನಿಂದ ಇಳಿದು ಬೆನ್ನಿಗೆ ಹೋಯಿತು. ಅವಳ ಅಂಗೈ ನೆತ್ತಿಯ ಮೇಲೆ ಸ್ವಲ್ಪ ಹೊತ್ತು ಇತ್ತು.

"ತಣ್ಣಗಿರು ಮಗಳೇ," ಎಂದಳು. ಆಮೇಲೆ ಇದ್ರೀಸ್ ಭಾಯಿ ಕಡೆ ತಿರುಗಿ, "ನೀನೂ ಬಗ್ಗು ಮಿಯಾ. ನಿನ್ನ ಮೂಗಿಗೆ ಒಂದು ಬೊಗಸೆ ಜಾಸ್ತಿ."

ಸಿಡುಬು ಈಗ ಇಲ್ಲ. ಅದು ತಾನಾಗಿ ಹೋಗಲಿಲ್ಲ, ಯಾರೋ ದೊಡ್ಡವರು ಒಬ್ಬರು ಓಡಿಸಲೂ ಇಲ್ಲ. ತೇತರಿ ಕಾಕಿಯಂಥವರು ಒಂದೊಂದು ಬಾಗಿಲು ತೆರೆದದ್ದರಿಂದ, ಸುಗಿಯಾಳಂಥವರು ಒಂದೊಂದು ತೋಳು ಚಾಚಿದ್ದರಿಂದ ಹೋಯಿತು. ಆದರೆ ದಡಾರ ಇದೆ. ಪೋಲಿಯೊ, ಗಂಟಲುಮಾರಿ, ನಾಯಿಕೆಮ್ಮು ಇವೆ. ಇವಕ್ಕೆಲ್ಲ ಲಸಿಕೆಯೂ ಇದೆ.

ನಿಮ್ಮ ಮನೆಯಲ್ಲಿ ಮಗುವಿಗೆ ಜ್ವರ ಬಂದು ಗುಳ್ಳೆ ಎದ್ದರೆ ಬೇವು ಇಡಿ, ಹರಕೆ ಹೊರಿ, ಒಗ್ಗರಣೆ ಬಿಡಿ. ಯಾರೂ ಬೇಡ ಎನ್ನುವುದಿಲ್ಲ. ಆದರೆ ಅದೇ ದಿನ ಊರಿನ ಆರೋಗ್ಯ ಕಾರ್ಯಕರ್ತೆಗೆ ಹೇಳಿ. ಮಗುವನ್ನು ಬೇರೆ ಮಕ್ಕಳ ಜೊತೆ ಬಿಡಬೇಡಿ. ಬೇರೆ ಮಕ್ಕಳ ತಲೆ ನೇವರಿಸುವ ಮೊದಲು ನಿಮ್ಮ ಕೈ ಎಲ್ಲಿತ್ತು ಎಂದು ನೆನಪು ಮಾಡಿಕೊಳ್ಳಿ. ಬಾಗಿಲು ತಟ್ಟಿ ಬಂದವರಿಗೆ ಸುಳ್ಳು ಹೇಳಬೇಡಿ. ಲಸಿಕೆ ಹಾಕಿಸಿದ ಮೇಲೆ ಒಂದೆರಡು ದಿನ ಜ್ವರ ಬಂದರೆ ಹೆದರಬೇಡಿ. ಮುಂದಿನದ್ದನ್ನು ತಪ್ಪಿಸಬೇಡಿ.

ಓದಿ ಮುಗಿಸಿದ ಮೇಲೆ ಏಳಿ. ಪೆಟ್ಟಿಗೆಯಲ್ಲೋ ಸಂದೂಕದಲ್ಲೋ ಇರುವ ನಿಮ್ಮ ಮಗುವಿನ ಲಸಿಕೆಯ ಚೀಟಿ ತೆಗೆಯಿರಿ. ಮುಂದಿನ ದಿನಾಂಕ ಯಾವುದು ಎಂದು ನೋಡಿ. ಅದು ದಾಟಿದ್ದರೆ ನಾಳೆಯೇ ಹೊರಡಿ.